ಥಿಂಗಮಿಗೆ ನಾನಿಟ್ಟ ಹೆಸರು

ಇಂಗ್ಲಿಷರು ತಮ್ಮ ಭಾಷೆಯನ್ನು ಪುಸ್ತಕದಲ್ಲಿದ್ದಂತೆ ಮಾತಾಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹುಬ್ಬಳ್ಳಿಯ ಒಂದು ಹತ್ತಿ ಜಿನ್ನಿನಲ್ಲಿ ಕಾರಕೂನನಾಗಿ ಸೇರಿದ ಮೊದಲ ದಿನ. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಮ್ಮ ಕಡೆ ಜಿನ್ನು ಎನ್ನುತ್ತಾರೆ. ಮೂವತ್ತರ ದಶಕದ ಆ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಅಂಥವು ಹಲವಾರು ಇದ್ದವು. ಅಲ್ಲಿಯವರೆಗೆ ನಾನು ಒಬ್ಬ ಇಂಗ್ಲಿಷನ ಜೊತೆಗೂ ಮಾತಾಡಿದವನಲ್ಲ. ಧಾರವಾಡದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಾಸ್ತರರೂ ಮಾತಾಡಿರಲಿಕ್ಕಿಲ್ಲ. ಆದರೆ ಆ ಭಾಷೆಯ ಮರ್ಯಾದೆ ಕಾಯುವ ಗುತ್ತಿಗೆಯನ್ನು ಅವರೇ ಹಿಡಿದಂತಿತ್ತು. ನಿಬಂಧದಲ್ಲಿ ಯಾರಾದರೂ ‘ಥಿಂಗ್’ ಎಂದು ಬರೆದರೆ ಅವನ ನೋಟಬುಕ್ಕನ್ನು ವರ್ಗಕ್ಕೆಲ್ಲ ಕಾಣುವಂತೆ ಎತ್ತಿ ಹಿಡಿಯುತ್ತಿದ್ದರು.

“ದೇವರು ಎಲ್ಲಾದಕ್ಕೂ ಒಂದೊಂದು ಹೆಸರು ಕೊಟ್ಟಾನ. ಬರೀಲಿಕ್ಕೆ ನೀ ಯಾಕ ಜಿಪುಣತನ ಮಾಡ್ತೀ?” ಎಂದು ಕೇಳುತ್ತಿದ್ದರು.

ನಾನು ಆ ಮಾತನ್ನು ವೇದವಾಕ್ಯವೆಂದು ನಂಬಿದೆ. ನಂಬದೆ ಹಿಂದಿನ ಬೆಂಚಿನಲ್ಲಿ ಕೂತವರು ನನಗಿಂತ ಸುಖವಾಗಿ ಬಾಳಿದರು, ಅದು ಬೇರೆ ಮಾತು. ಹೆಸರು ಬಿಟ್ಟು ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ನನ್ನ ತಾಯಿಯೇ ಅಂಥವರ ಪೈಕಿ ಮೊದಲನೆಯವಳು. ಒಲೆಯ ಮುಂದೆ ಕೂತು, “ಅದನ್ನ ತಗೊಂಡು ಇದರಾಗ ಹಾಕು, ಹಾಕಿ ಅಲ್ಲೆ ಅದರ ಮ್ಯಾಲಿಡು” ಎನ್ನುತ್ತಿದ್ದಳು. ಯಾವುದನ್ನು ಎಂದು ನಾನು ಕೇಳಿದರೆ, “ಕಣ್ಣಿಗೆ ಕಾಣಸ್ತದಲ್ಲ, ಮತ್ತ ಹೆಸರ್ಯಾಕ ಬೇಕು?” ಎಂದು ಅವಳೇ ನನ್ನ ಮೇಲೆ ಸಿಟ್ಟಾಗುತ್ತಿದ್ದಳು. ಕಲಿಯದ ಹೆಂಗಸು, ಅದಕ್ಕೇ ಹೀಗೆ ಎಂದು ನಾನು ತಿಳಿದಿದ್ದೆ. ಇಂಗ್ಲಿಷ್ ಬಲ್ಲವನು ಸೌಟಿಗೆ ಎಂದೂ ‘ಅದು’ ಎನ್ನಲಾರ ಎಂದು ನನಗೆ ಪೂರ್ತಿ ಖಾತ್ರಿಯಿತ್ತು.

ನಮ್ಮ ಜಿನ್ನಿನ ಇಂಜಿನಿಯರ್ ಸಾಹೇಬರು ಐವತ್ತು ದಾಟಿದ ಇಂಗ್ಲಿಷರು. ಕೆಂಪು ಕುತ್ತಿಗೆ, ದೊಡ್ಡ ದನಿ, ಮನಸ್ಸು ಕೆಟ್ಟದ್ದಲ್ಲ. ಯಂತ್ರಗಳನ್ನು ಚೆನ್ನಾಗಿ ಬಲ್ಲವರು. ಆದರೆ ಅವುಗಳ ಹೆಸರು ಮಾತ್ರ ಅವರ ಬಾಯಿಗೆ ಬರುತ್ತಲೇ ಇರಲಿಲ್ಲ. ಥಿಂಗಮಿ, ಥಿಂಗಮಜಿಗ್, ವಾಟ್ಸ್-ಇಟ್ಸ್-ನೇಮ್, ವಾಟ್‌ಡ್ಯೂಕಾಲಿಟ್. ಒಂದು ಸಣ್ಣ ಮೊಳೆಯಿಂದ ಹಿಡಿದು ಉಗಿಯ ಎಂಜಿನ್ನಿನವರೆಗೆ ಎಲ್ಲವೂ ಅವರಿಗೆ ಈ ನಾಲ್ಕರಲ್ಲಿ ಒಂದು. ನಾಲ್ಕಕ್ಕೂ ಅರ್ಥ ಒಂದೇ, ನನ್ನ ತಾಯಿಯ ‘ಅದು’ ಎಂದು ಆಮೇಲೆ ತಿಳಿಯಿತು. ಮೊದಲ ದಿನ ನನ್ನನ್ನು ನೋಡಿದವರೇ, ಆ ಥಿಂಗಮಿಯ ಹಿಂದಿನಿಂದ ವಾಟ್‌ಡ್ಯೂಕಾಲಿಟ್ ತೆಗೆದುಕೊಂಡು ಬಾ ಎಂದರು. ನಾನು ಉಗ್ರಾಣಕ್ಕೆ ಹೋಗಿ ನಿಂತೆ. ಏನು ತರಬೇಕೋ ತಿಳಿಯದೆ ಬರಿಗೈಯಲ್ಲಿ ತಿರುಗಿ ಬಂದೆ. ಅಷ್ಟರಲ್ಲಿ ಮಿಸ್ತ್ರಿ ಒಬ್ಬರು ಎಣ್ಣೆಯ ಡಬ್ಬಿಯನ್ನು ಸಾಹೇಬರ ಕೈಗೆ ಕೊಟ್ಟು ಆಗಿತ್ತು. ಸಂಜೆ ಮನೆಗೆ ಹೋಗಿ ನನ್ನ ಶಬ್ದಕೋಶವನ್ನು ತೆಗೆದು ನೋಡಿದೆ. ನನ್ನದು ಸಾಲೆಯ ಹುಡುಗರ ಸಣ್ಣ ಶಬ್ದಕೋಶ, ಅದರಲ್ಲಿ ಆ ಶಬ್ದಗಳು ಒಂದೂ ಇರಲಿಲ್ಲ.

ಆ ಮಿಸ್ತ್ರಿಯ ವಿಷಯ ಹೇಳಬೇಕು. ಹಳೇ ಹುಬ್ಬಳ್ಳಿಯ ಮುಸಲ್ಮಾನರು. ಇಪ್ಪತ್ತು ವರ್ಷದಿಂದ ಅದೇ ಜಿನ್ನಿನಲ್ಲಿ ಯಂತ್ರ ರಿಪೇರಿಯ ಕೆಲಸ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ರಾಯರ ಎಂದು ಕರೆಯುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ. ಇಂಗ್ಲಿಷಂತೂ ‘ಯಸ್ ಸರ್’ಗಿಂತ ಮುಂದೆ ಹೋಗಿರಲಿಲ್ಲ. ಹಾಗಿದ್ದೂ ಸಾಹೇಬರ ಮಾತು ಇಡೀ ಜಿನ್ನಿನಲ್ಲಿ ತಿಳಿಯುತ್ತಿದ್ದುದು ಅವರೊಬ್ಬರಿಗೇ. ಇದು ನನಗೆ ಒಗಟಾಗಿತ್ತು, ಒಂದಿಷ್ಟು ಹೊಟ್ಟೆಕಿಚ್ಚೂ ಆಗಿತ್ತು. ಒಂದು ದಿನ ಕೇಳಿಯೇಬಿಟ್ಟೆ.

“ಅವರು ಏನಂತಾರ ಅಂಬೋದು ನನಗೇನ ತಿಳೀತೈತ್ರಿ ರಾಯರ?” ಎಂದರು. “ಯಾವ ಕಡಿ ನೋಡತಾರ, ಕೈ ಎಲ್ಲಿ ಹೋಗತೈತಿ, ಅಷ್ಟ ನೋಡತೇನಿ. ಯಂತ್ರಾನೂ ಬಾಜೂಕ ನಿಂತು ಹೇಳತಿರತೈತಲ್ರಿ, ಎಲ್ಲಿ ನೋಯಾಕತ್ತೈತಿ ಅಂತ.”

ನನ್ನ ಮುಖ್ಯ ಕೆಲಸ ಆರ್ಡರ್ ಬುಕ್ ಬರೆಯುವುದು. ಜಿನ್ನಿನ ಸೇಠರು ಮುಂಬಯಿಯಲ್ಲಿದ್ದರು. ಸಾಹೇಬರು ಕೊಟ್ಟ ಹುಕುಮೆಲ್ಲ ಬರಹದಲ್ಲಿ ಇರಬೇಕು, ತಿಂಗಳಿಗೊಮ್ಮೆ ಅದರ ನಕಲು ತಮಗೆ ಬರಬೇಕು ಎಂದು ಅವರ ಕಟ್ಟಪ್ಪಣೆ. ಹೀಗಾಗಿ ಸಾಹೇಬರು ಜಿನ್ನಿನ ತುಂಬ ಓಡಾಡುತ್ತ ಹೇಳುತ್ತಿದ್ದರು. ನಾನು ಬುಕ್ಕನ್ನು ಎದೆಗೆ ಆನಿಸಿಕೊಂಡು ಹಿಂದೆ ಹಿಂದೆ ಬರೆಯುತ್ತ ಹೋಗುತ್ತಿದ್ದೆ. ಮಿಸ್ತ್ರಿ ಅಲ್ಲಿಯೇ ಇರುತ್ತಿದ್ದುದರಿಂದ ಕೆಲಸಕ್ಕೆ ಬುಕ್ಕಿನ ಅಗತ್ಯವೇ ಇರಲಿಲ್ಲ. ಸಂಜೆ ಸಾಹೇಬರು ಓದದೆ ಸಹಿ ಮಾಡಿ ಕ್ಲಬ್ಬಿಗೆ ಹೋಗುತ್ತಿದ್ದರು.

ಬರೆಯುವ ಮೊದಲ ದಿನವೇ ನನ್ನ ಪೆನ್ನು ನಿಂತಿತು. ಸೇಠರ ಮುಂದೆ ಹೋಗುವ ಬುಕ್ಕಿನಲ್ಲಿ ‘ಥಿಂಗಮಿ’ ಎಂದು ಬರೆಯುವುದು ಹೇಗೆ? ಓದಿದವರು ಸಾಹೇಬರಿಗೆ ಏನೂ ಅನ್ನಲಾರರು. ಧಾರವಾಡದಿಂದ ಬಂದ ಕಾರಕೂನನಿಗೆ ಇಂಗ್ಲಿಷ್ ಬರುವುದಿಲ್ಲ ಎಂದೇ ಅಂದುಕೊಂಡಾರು. ಅದಕ್ಕೆ ನಾನು ಒಂದು ದಾರಿ ಹುಡುಕಿದೆ. ಸಾಹೇಬರು ಥಿಂಗಮಿ ಎಂದಲ್ಲೆಲ್ಲ ಜಾಗ ಖಾಲಿ ಬಿಡುವುದು, ಆಮೇಲೆ ಅದು ಯಾವುದೆಂದು ಮಿಸ್ತ್ರಿಯನ್ನು ಕೇಳುವುದು, ಅದರ ಇಂಗ್ಲಿಷ್ ಹೆಸರನ್ನು ಯಂತ್ರ ಮಾಡಿದವರು ಕಳಿಸಿದ ಚಿತ್ರದ ಪುಸ್ತಕದಲ್ಲಿ ಹುಡುಕಿ ಬರೆಯುವುದು. ಹಾಗೆ ಬರೆದಾಗ ಪುಟ ನೋಡಲು ಚೆಂದಾಗುತ್ತಿತ್ತು. ಜಿನ್ನಿನ ಮ್ಯಾನೇಜರು, ಅವರೂ ಧಾರವಾಡದವರೇ, “ಇಷ್ಟು ಸ್ವಚ್ಛ ಬುಕ್ಕು ಈ ಕಾರ್ಖಾನಿಯೊಳಗ ನಾ ನೋಡಿದ್ದಿಲ್ಲ” ಎಂದು ಬೆನ್ನು ತಟ್ಟಿದರು. ಸಾಹೇಬರು ಬಹಳ ಖಚಿತವಾಗಿ ಹುಕುಮು ಕೊಡುವವರು ಎಂದು ಮುಂಬಯಿಯಿಂದ ಸೇಠರು ಮೆಚ್ಚಿ ಬರೆದರಂತೆ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಮೂಗಿಗಿಂತ ಮೂಗುತಿ ಭಾರವಾಯಿತು. ಚಿತ್ರದ ಪುಸ್ತಕ ನನಗೆ ಬಾಯಿಪಾಠವಾಗಿತ್ತು. ಓದು ಬರದ ಮನುಷ್ಯನನ್ನು ದಿನಾ ಸಂಜೆ ಕೇಳಲು ಹೋಗುವುದು ಯಾಕೆ ಎನಿಸಿತು. ಖಾಲಿ ಜಾಗ ಬಿಡುವುದನ್ನು ನಿಲ್ಲಿಸಿದೆ. ಸಾಹೇಬರ ಬಾಯಿಂದ ಥಿಂಗಮಿ ಬಿದ್ದ ಕೂಡಲೆ ಅಲ್ಲಿ ಯಾವ ಹೆಸರು ಇರಬೇಕೆಂದು ನಾನೇ ತೀರ್ಮಾನ ಮಾಡಿ ಬರೆಯತೊಡಗಿದೆ. ಹತ್ತರಲ್ಲಿ ಒಂಬತ್ತು ಸರಿ ಇರುತ್ತಿದ್ದವು ಎಂದು ಈಗಲೂ ಅನ್ನುತ್ತೇನೆ. ಇದರಿಂದ ನನ್ನ ತಪ್ಪೇನೂ ಕಡಿಮೆಯಾಗುವುದಿಲ್ಲ.

ಎರಡನೆಯ ವರ್ಷದ ಹತ್ತಿಯ ಹಂಗಾಮಿನಲ್ಲಿ ಆದ ಮಾತು. ಹತ್ತಿಯ ಗಾಡಿಗಳು ಗೇಟಿನ ಹೊರಗೆ ಸಾಲು ಹಚ್ಚಿದ್ದವು. ಜಿನ್ನಿನ ಒಳಗೆ ಒಂದು ಉದ್ದನೆಯ ಉಕ್ಕಿನ ದಂಡ ಈ ಗೋಡೆಯಿಂದ ಆ ಗೋಡೆಗೆ ತಿರುಗುತ್ತಿತ್ತು. ಅದರಿಂದಲೇ ಎಲ್ಲ ಯಂತ್ರಗಳಿಗೆ ಬಲ. ಆ ದಂಡಕ್ಕೆ ಒಂದು ಅಗಲವಾದ ಚರ್ಮದ ಪಟ್ಟಾ ಹಾಕಿದ್ದರು. ಗೋಡೆಯ ಹತ್ತಿರ ದಂಡದ ತುದಿ ಒಂದು ಬೇರಿಂಗಿನಲ್ಲಿ ಕೂತಿತ್ತು. ಪಟ್ಟಾ ಮತ್ತು ಬೇರಿಂಗ್, ಎರಡೂ ಒಂದರ ಮಗ್ಗುಲಿಗೆ ಒಂದು. ಆ ಮಧ್ಯಾಹ್ನ ಸಾಹೇಬರಿಗೆ ಅವಸರವಿತ್ತು. ನಡೆಯುತ್ತಲೇ ಗೋಡೆಯ ಕಡೆ ಕೈ ಮಾಡಿ, ಗೋಡೆಯ ಹತ್ತಿರದ ಆ ವಾಟ್ಸ್-ಇಟ್ಸ್-ನೇಮ್, ಆ ಥಿಂಗಮಿ, ಅದು ಕೆಡುವುದರೊಳಗೆ ನೋಡಿ ಬಿಗಿ ಮಾಡಬೇಕು ಎಂದು ಕೂಗಿ ಮುಂದೆ ಹೋದರು. ಮಿಸ್ತ್ರಿ ಗೋಣು ಹಾಕಿದರು.

ನಾನು ಮೇಲೆ ನೋಡಲಿಲ್ಲ. ನನ್ನ ಕಣ್ಣು ಬುಕ್ಕಿನಲ್ಲಿತ್ತು. ಗೋಡೆಯ ಹತ್ತಿರ ಇರುವುದು ಎರಡೇ ವಸ್ತು ಎಂದು ಗೊತ್ತಿತ್ತು. ಪಟ್ಟಾಕ್ಕೆ ಇಂಗ್ಲಿಷಿನಲ್ಲಿ ‘ಬೆಲ್ಟ್’. ಇಷ್ಟು ಸಣ್ಣ, ಇಷ್ಟು ಬಳಕೆಯ ಹೆಸರನ್ನು ಒಬ್ಬ ಇಂಗ್ಲಿಷ್ ಇಂಜಿನಿಯರ್ ಮರೆಯುವುದುಂಟೇ? ಮರೆಯಬೇಕಾದರೆ ಹೆಸರು ಕಠಿಣವಾಗಿರಬೇಕು. ಹಾಗಾದರೆ ಬೇರಿಂಗೇ. ಹೀಗಿತ್ತು ನನ್ನ ತರ್ಕ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ತುಂಬಿ ಬಂದವನ ತರ್ಕ. ಅದೂ ಅಲ್ಲದೆ ‘ಬೇರಿಂಗ್’ ಎಂಬ ಶಬ್ದವನ್ನು ಬರೆಯುವ ಸಂದರ್ಭ ಆ ತಿಂಗಳಲ್ಲಿ ನನಗೆ ಬಂದಿರಲಿಲ್ಲ. ಗೋಡೆಯ ಕಡೆಯ ಬೇರಿಂಗನ್ನು ಬಿಚ್ಚಿ ಪರೀಕ್ಷಿಸಿ ಬಿಗಿ ಮಾಡತಕ್ಕದ್ದು ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ.

ಊಟದ ಬಿಡುವಿನಲ್ಲಿ ಮಿಸ್ತ್ರಿ ಪಟ್ಟಾವನ್ನು ಇಳಿಸಿ, ಒಂದು ಗೇಣು ಕತ್ತರಿಸಿ, ತಿರುಗಿ ಹೊಲಿದು ಹಾಕಿದರು. ಬೆಳಗಿನಿಂದ ಅದು ಸಡಿಲಾಗಿ ಪಟಪಟ ಬಡಿಯುತ್ತಿತ್ತು ಎಂಬುದು ಆ ಶಬ್ದ ನಿಂತ ಮೇಲೆ ನನಗೆ ಹೊಳೆಯಿತು. ಸಾಹೇಬರು ತಿರುಗಿ ಬಂದಾಗ ಪಟ್ಟಾದ ಕಡೆ ನೋಡಿ, ಸರಿ ಎಂಬಂತೆ ತಲೆಯಾಡಿಸಿ ಹೋದರು. ನಾನು ಬರೆದದ್ದು ತಪ್ಪು ಎಂದು ಆಗಲೇ ನನಗೆ ತಿಳಿಯಿತು. ತಿದ್ದಬಹುದಿತ್ತು. ಆದರೆ ಅದರ ಕೆಳಗೆ ಆಗಲೇ ನಾಲ್ಕು ಸಾಲು ಬರೆದಾಗಿತ್ತು. ಒಂದು ಶಬ್ದ ಹೊಡೆದು ಹಾಕಿದರೆ ಇಡೀ ಪುಟ ಕೆಡುತ್ತಿತ್ತು. ಹೇಗೂ ಇದನ್ನು ಯಾರು ಓದುತ್ತಾರೆ ಎಂದು ಬಿಟ್ಟೆ. ಸಂಜೆ ಸಾಹೇಬರು ಸಹಿ ಮಾಡಿದರು.

ಮೂರನೆಯ ದಿನ ಗೋಡೆಯ ಕಡೆಯ ಬೇರಿಂಗ್ ಕಾಯ್ದು ಕೆಂಪಾಗಿ ಸುಟ್ಟುಹೋಯಿತು. ದಂಡ ಸಿಕ್ಕಿಕೊಂಡು ನಿಂತಿತು. ಯಾಕೆ ಸುಟ್ಟಿತೋ, ಎಣ್ಣೆಯ ತೂತಿನಲ್ಲಿ ಹತ್ತಿಯ ಧೂಳು ಕೂತಿತ್ತೋ, ಮತ್ತೇನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹಂಗಾಮಿನ ನಟ್ಟನಡುವೆ ಜಿನ್ನು ಐದು ದಿನ ಬಂದ್ ಆಯಿತು. ಗಾಡಿಯವರು ಬೈಯುತ್ತ ಬೇರೆ ಜಿನ್ನುಗಳಿಗೆ ತಿರುಗಿದರು. ಇದಕ್ಕೆ ಯಾರು ಜವಾಬ್ದಾರರು, ಅವರನ್ನು ಕೆಲಸದಿಂದ ತೆಗೆಯಿರಿ ಎಂದು ಸೇಠರ ತಾರು ಬಂತು. ಮ್ಯಾನೇಜರು ನನ್ನ ಸ್ವಚ್ಛವಾದ ಬುಕ್ಕನ್ನು ತರಿಸಿಕೊಂಡು ಓದಿದರು.

ಅವರ ಕೋಣೆಯಲ್ಲಿ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಮಿಸ್ತ್ರಿ ಬಾಗಿಲ ಹತ್ತಿರ ನಿಂತಿದ್ದರು. ನನಗೆ ಆ ಸಾಲನ್ನು ಓದಿ, ಕನ್ನಡದಲ್ಲೂ ಹೇಳಲು ಮ್ಯಾನೇಜರು ಹೇಳಿದರು. ಓದಿದೆ. ಸಾಹೇಬರ ಹುಬ್ಬು ಒಮ್ಮೆ ಮೇಲೇರಿತು. ಆಮೇಲೆ ಅವರ ಮುಖದಲ್ಲಿ ಒಂದು ನೆಮ್ಮದಿ ಬಂತು. ಬುಕ್ಕಿನ ಪ್ರಕಾರ ಬೇರಿಂಗ್ ಕೆಡುವುದನ್ನು ತಾವು ಮೂರು ದಿನ ಮೊದಲೇ ಕಂಡಿದ್ದರಲ್ಲ. ಹೌದು, ನಾನು ಹೇಳಿದ್ದೆ ಎಂದರು. ಅವರು ಸುಳ್ಳು ಹೇಳಿದರೆಂದು ನಾನು ಅನ್ನುವುದಿಲ್ಲ. ಕೇಳಿದ ಆ ಗಳಿಗೆಯಿಂದ ಅವರಿಗೆ ಅದು ಖರೇ ಎಂದೇ ಅನಿಸಿತು.

“ಸಾಹೇಬ್ರು ಪಟ್ಟಾದ ಕಡಿ ಕೈ ಮಾಡಿದ್ರು ರಿ” ಎಂದರು ಮಿಸ್ತ್ರಿ.

“ಬುಕ್ಕಿನ್ಯಾಗ ಬೇರಿಂಗ್ ಅಂತ ಅದಲ್ಲೋ ಮಾರಾಯಾ” ಎಂದರು ಮ್ಯಾನೇಜರು.

ಮಿಸ್ತ್ರಿ ನನ್ನ ಕಡೆ ತಿರುಗಿದರು. ಅವರಿಗೆ ನನ್ನ ಮೇಲೆ ಸಂಶಯವೇನೂ ಇರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಷ್ಟೆ. “ರಾಯರ, ಸಾಹೇಬ್ರು ಹಂಗಂದಿದ್ರೇನ್ರಿ?”

ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಸಾಹೇಬರ ಮಾತನ್ನು ಸೇರಿದಾಗಿನಿಂದ ನಾನೇ ತಿದ್ದಿ ಬರೆಯುತ್ತಿದ್ದೇನೆ ಎಂದು ಹೇಳಿದರೆ ನನ್ನ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಬಾಡಿಗೆಯ ಮನೆಯಲ್ಲಿ ತಾಯಿ ಇದ್ದಳು, ದುಡಿಯುವವನು ನಾನೊಬ್ಬ. ಇದು ಕಾರಣ, ಸಮರ್ಥನೆಯಲ್ಲ.

“ಬುಕ್ಕಿನ್ಯಾಗ ಹಂಗ ಅದ, ಚಾಚಾ” ಎಂದೆ.

ಮಿಸ್ತ್ರಿ ಮ್ಯಾನೇಜರಿಗೆ ಹೇಳಿದರು: “ರಾಯರು ಬರದಾರಂದ್ರ ಸಾಹೇಬ್ರು ಅಂದಿರತಾರ್ರಿ. ನಾ ಕಂಡದ್ದ ತಪ್ಪಿರಬೇಕು.” ಅವರನ್ನು ಅವತ್ತೇ ಕೆಲಸದಿಂದ ತೆಗೆದರು.

ಹೆದರಿಕೆಗಿಂತ ನಾಚಿಕೆ ದೊಡ್ಡದಾದ ಮೇಲೆ, ಮೂರನೆಯ ದಿನ ಬುಕ್ಕನ್ನು ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಬೇರಿಂಗ್ ಎಂದಿರಲಿಲ್ಲ, ಥಿಂಗಮಿ ಎಂದಿದ್ದರು, ಹೆಸರು ಇಟ್ಟವನು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಸಾಹೇಬರು ನನ್ನನ್ನು ವಿಚಿತ್ರವಾಗಿ ನೋಡಿದರು. ಥಿಂಗಮಿಯೇ? ನಾನೇ? ನಾನು ಅಂಥ ಶಬ್ದ ಬಳಸುತ್ತೇನೆಯೇ ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾವು ಮಾತಾಡುವಾಗ ನಡುನಡುವೆ ಕೆಮ್ಮುವುದು ನಮಗೆ ಎಲ್ಲಿ ಗೊತ್ತಾಗುತ್ತದೆ? ದಿನಕ್ಕೆ ನೂರು ಸಲ ಅನ್ನುತ್ತೀರಿ ಎಂದೆ. ಅವರು ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದಿನಿಂದ ಮುಂದಕ್ಕೆ ಹಾಳೆ ತಿರುವಿದರು. ಸುಮಾರು ಎರಡು ವರ್ಷದ ಹುಕುಮು ಅದರಲ್ಲಿತ್ತು. ಎಲ್ಲಿದೆ ತೋರಿಸು ಎಂದರು. ಒಂದೇ ಒಂದು ಥಿಂಗಮಿಯನ್ನೂ ನಾನು ತೋರಿಸಲಾರದಾದೆ. ಹೆಸರುಗಳೆಲ್ಲ ಸರಿಯಾಗಿ, ಕಾಗುಣಿತ ಸರಿಯಾಗಿ, ಅವರ ಸಹಿಯ ಮೇಲೆ ಕೂತಿದ್ದವು. ಬಿಸಿಲಿಗೆ ನಿನಗೆ ಏನೋ ಆಗಿದೆ, ಮನೆಗೆ ಹೋಗಿ ಮಲಗು ಎಂದು ಬುಕ್ಕನ್ನು ತಿರುಗಿ ಕೊಟ್ಟರು.

ಆ ಐತವಾರ ಬೆಳಿಗ್ಗೆ ಹಳೇ ಹುಬ್ಬಳ್ಳಿಗೆ ನಡೆದುಕೊಂಡು ಹೋದೆ. ಮಿಸ್ತ್ರಿ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದರು. ಎದುರಿನ ಅಂಗಡಿಯಿಂದ ನಾಲ್ಕು ಬಾಳೆಹಣ್ಣು ತಂದು ನನ್ನ ಮುಂದಿಟ್ಟರು.

“ನಮ್ಮ ಮನಿ ಚಾ ನೀವು ಕುಡಿಯಂಗಿಲ್ಲ, ಗೊತ್ತೈತಿ. ಹಣ್ಣಿಗೇನ ಮಡಿ ಮೈಲಿಗಿ ಇಲ್ಲಲ್ರಿ” ಎಂದರು.

ನಾನು ಹಣ್ಣು ಮುಟ್ಟಲಿಲ್ಲ. ಆದದ್ದನ್ನು ಮೊದಲಿನಿಂದ ಹೇಳಿದೆ. ಖಾಲಿ ಜಾಗ ಬಿಡುತ್ತಿದ್ದುದು, ಆಮೇಲೆ ಬಿಡದಿದ್ದುದು, ತಲೆ ಎತ್ತಿ ನೋಡದೆ ಬರೆದದ್ದು. “ಆ ಶಬ್ದ ನಂದು ಚಾಚಾ, ಸಾಹೇಬರದಲ್ಲ. ನೀವು ಮಾಡಿದ್ದ ಖರೇ ಇತ್ತು. ಅವತ್ತ ನಾ ಹೆದರಿ ಸುಮ್ಮನಾದೆ” ಎಂದೆ.

ಅವರು ಪೂರ್ತಿ ಕೇಳಿದರು.

“ರಾಯರ, ಮನ್ಯಾಗ ತಾಯಿ ಅದಾರಲ್ರಿ?”

“ಅದಾರ.”

“ನೀವ ಒಬ್ಬರ ದುಡಿಯವ್ರು?”

“ಹೌದು.”

“ಹಂಗಾರ ಈ ಮಾತು ಇನ್ನೊಬ್ಬರ ಮುಂದ ಆಡಬ್ಯಾಡ್ರಿ. ನನ್ನ ಉಳಸಾಕ ಹೋಗಿ ನೀವು ನೌಕರಿ ಕಳಕೊಂಡೀರಿ.”

“ಉಳಸಲಿಕ್ಕೆ ಅಲ್ಲ ಚಾಚಾ. ಖರೇನ ಹೇಳಲಿಕ್ಕತ್ತೇನಿ.”

“ಹೌದ ಬಿಡ್ರಿ” ಎಂದು ನಕ್ಕರು. ಆಮೇಲೆ ಬಾಗಿಲ ಪರದೆಯ ಕಡೆ ತಿರುಗಿ ಹೆಂಡತಿಗೆ ಉರ್ದುವಿನಲ್ಲಿ ಹೇಳಿದರು. ಇವರ ವಯಸ್ಸು ನೋಡು, ನನ್ನ ಸಲುವಾಗಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ಬಂದಿದ್ದಾರೆ ಎಂದು. ನನಗೆ ಅಷ್ಟು ಉರ್ದು ತಿಳಿಯುತ್ತಿತ್ತು. ಪರದೆಯ ಹಿಂದಿನಿಂದ ಆ ತಾಯಿ ನನ್ನ ಮನೆತನಕ್ಕೆಲ್ಲ ಒಳ್ಳೆಯದಾಗಲೆಂದು ಹರಸಿದರು.

ಸ್ಟೇಶನ್ ಹತ್ತಿರದ ಇನ್ನೊಂದು ಜಿನ್ನಿನವರು ಅವರನ್ನು ಕರೆದಿದ್ದಾರೆಂದು ಕೇಳಿದ್ದೆ. ಏನಾದರೂ ಕೇಳಬೇಕೆಂದು, ಅಲ್ಲಿ ಯಾವಾಗ ಸೇರುತ್ತೀರಿ ಎಂದೆ.

“ಕರದಿದ್ರು. ಬ್ಯಾಡಂದೆ” ಎಂದರು. “ನಾ ಅವತ್ತ ಸಾಹೇಬ್ರ ಕೈ ಸರಿಯಾಗೇ ನೋಡೇನಿ. ಪಟ್ಟಾನ ತೋರಿಸಿದ್ರು ಅಂತ ಈ ಕಣ್ಣು ಇವತ್ತೂ ಹೇಳತಾವ. ಬುಕ್ಕಿನ್ಯಾಗ ಬ್ಯಾರೆ ಐತಿ. ಅಂದಮ್ಯಾಲ ಇನ್ನ ಈ ಕಣ್ಣು ನಂಬೂಹಂಗಿಲ್ಲ. ಇಂಥಾ ಕಣ್ಣು ಇಟಗೊಂಡು ತಿರುಗೂ ಯಂತ್ರದ ಬಾಜೂಕ ನಿಂತ್ರ ಯಾರದರ ಜೀವಕ್ಕ ಧೋಕಾ ರಿ. ಪಾನಾ, ಹಾತೋಡಿ, ರಿಪೇರಿ ಸಾಮಾನ ಎಲ್ಲಾ ನಿನ್ನೇನ ಕೊಟ್ಟಬಿಟ್ಟೆ. ಮೈದುನನ ಬಳೆ ಅಂಗಡ್ಯಾಗ ಕೂಡತೇನಿ.”

“ನಿಮ್ಮ ಕಣ್ಣು ಛಲೋ ಅದಾವ, ಚಾಚಾ” ಎಂದೆ. “ನಿಮ್ಮ ಕಣ್ಣಿನದು ಏನೂ ತಪ್ಪಿಲ್ಲ.”

ಅವರು ಒಂದು ಬಾಳೆಹಣ್ಣು ಸುಲಿದು ನನ್ನ ಕೈಯಲ್ಲಿಟ್ಟರು. “ತಿನ್ರಿ” ಎಂದರು. “ಅಷ್ಟ ದೂರ ಬಿಸಲಾಗ ನಡಕೋತ ಬಂದೀರಿ.”

ನಾನು ತಿಂದೆ. ಅವರು ಮತ್ತೆ ಯಾವ ಯಂತ್ರವನ್ನೂ ಮುಟ್ಟಲಿಲ್ಲ. ನಾನು ಆ ಜಿನ್ನಿನಲ್ಲಿ ಇನ್ನೂ ಒಂಬತ್ತು ವರ್ಷ ನೌಕರಿ ಮಾಡಿದೆ.